ಕಾಣದ ಪರದೆಯ ಮೇಲಿದ್ದ ಕಾಗದ

“ಇದನ್ನ ಬಿಚ್ಚಾಕ ನಿಮಗ ಯಾರ್ ಹೇಳಿದ್ರು?”

ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲಲ್ಲೇ ನಿಂತು ಹುಲಿಗೆಮ್ಮ ಕೂಗಿದ ಕೂಗಿಗೆ ಸೋಮನಾಥನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಮೇಜಿನ ಮೇಲೆ ಅವಳ ಪುಟ್ಟ ನೆಟ್‌ಬುಕ್ ಹೊಟ್ಟೆ ತೆರೆದುಕೊಂಡು ಮಲಗಿತ್ತು. ಅದರ ಸ್ಕ್ರೂಗಳೆಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿ!

ಅವನು ತಲೆ ಎತ್ತಿ ನೋಡಿದ. ನಕ್ಕ.

“ಬಿಚ್ಚಲಾರದ ಹೆಂಗ್ರೀ ನೋಡೂದು? ಡಾಕ್ಟರ್ ಮುಂದ ಬಾಯಿ ತಗೀಲಾರದ ನಾಲಿಗಿ ತೋರಸ್ತೀರೇನು?”

ಅವಳಿಗೆ ನಗು ಬರಲಿಲ್ಲ. ಅವ್ವ ಬಾಳಮ್ಮ ಮನೆಕೆಲಸಕ್ಕೆ ಹೋಗುವ ಕಡೆ, ಆ ಮನೆಯೊಡತಿ ಬೇಡವೆಂದು ಕೊಟ್ಟ ಹತ್ತು ಇಂಚಿನ ಲ್ಯಾಪ್‌ಟಾಪ್ ಅದು. ಅದರ ಮೇಲೆ ಅವಳ ಇಡೀ ಬದುಕು ನಿಂತಿತ್ತು. ಇಲ್ಲೇ ಗೋವಾದ ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಗುಮಾಸ್ತೆ ಕೆಲಸಕ್ಕೆ ಆನ್‌ಲೈನ್ ಪರೀಕ್ಷೆ ಇತ್ತು. ಕಂಪ್ಯೂಟರಿನಲ್ಲೇ ಬರೆಯಬೇಕು, ಮೊಬೈಲ್ ನಡೆಯುವುದಿಲ್ಲ.

ವಾಸ್ಕೋದ ಬಂದರಿನಲ್ಲಿ ಮೂಟೆ ಹೊರುವ ಅಪ್ಪ ಯಮನೂರಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. “ಇದೊಂದ್ ಸಲ ನೋಡು. ಆಗಲಿಲ್ಲಂದ್ರ ಊರಿಗೆ ನಡಿ. ನಿಮ್ಮ ಮಾವ ಗಂಡು ನೋಡ್ಯಾನ.”

“ಹಳೇ ಮಷಿನ್ ಇದು. ವಿಂಡೋಸ್ ಹೊರಾಕ ಶಕ್ತಿ ಇಲ್ರಿ ಇದಕ್ಕ,” ಎಂದ ಸೋಮನಾಥ. “ಲಿನಕ್ಸ್ ಹಾಕ್ತೀನಿ. ಹಗೂರ ಐತಿ, ಓಡತೈತಿ.”

“ಪರೀಕ್ಷಾ ದಿನ ಕೈ ಕೊಟ್ರ?”

“ನಾ ಅದೀನಲ್ರಿ!”

ಅಷ್ಟೇ ಮಾತು. ಆದರೆ ಅದು ಸೀದಾ ಹೋಗಿ ಹುಲಿಗೆಮ್ಮಳ ಎದೆಯಲ್ಲಿ ಕುಳಿತುಬಿಟ್ಟಿತು. ಹಾಗಂತ ಅವಳು ಒಪ್ಪಿಕೊಳ್ಳುತ್ತಾಳೆಯೇ? ಛೇ! ಮುಖ ಗಂಟು ಹಾಕಿಕೊಂಡೇ ಮನೆಗೆ ಹೋದಳು.

ಆಮೇಲೆ ನೆಟ್‌ಬುಕ್ ಆಗಾಗ ಕೆಡತೊಡಗಿತು. ಒಮ್ಮೆ ವೈಫೈ ಸಿಗಲಿಲ್ಲ. ಒಮ್ಮೆ ಅಕ್ಷರಗಳು ಇರುವೆ ಸಾಲಿನಂತಾದವು. ಇನ್ನೊಮ್ಮೆ ‘ಸೇವ್’ ಬಟನ್ ಪರದೆಯ ತಳಕ್ಕಿಂತ ಕೆಳಗೆ ಹೋಗಿ ಕಾಣದಾಯಿತು.

“ಸಣ್ಣ ಪರದಿ ನೋಡ್ರಿ, ಕಿಟಕಿ ಪೂರಾ ಹಿಡಸೂದಿಲ್ಲ,” ಎಂದು ಅವನು ಕಲಿಸಿದ್ದ. “ಆಲ್ಟ್ ಒತ್ತಿ ಹಿಡೀರಿ. ಮೌಸ್‌ಲೇ ಮ್ಯಾಲಕ್ಕ ಎಳೀರಿ. ಕೆಳಗ ಅಡಗಿದ್ದೆಲ್ಲಾ ಕಾಣತೈತಿ.”

ಅವಳ ಮನಸ್ಸಿನಲ್ಲಿ ಅಡಗಿದ್ದು ಮಾತ್ರ ಅವನಿಗೆ ಕಾಣಲಿಲ್ಲ. ಅಥವಾ... ಕಂಡಿತ್ತೇ?

ಕೊನೆಯ ಸಲ ಪರದೆ ಮಿಣಮಿಣ ಎನ್ನುತ್ತಿತ್ತು. ಅವನು ಅದನ್ನು ಅಂಗಡಿಯ ದೊಡ್ಡ ಮಾನಿಟರಿಗೆ ಜೋಡಿಸಿ ದಿನವಿಡೀ ಕೆಲಸ ಮಾಡಿದ. ಸಂಜೆ ಕೊಡುವಾಗ ಅವನ ಕಿವಿಗಳು ಕೆಂಪಾಗಿದ್ದವು.

“ಮನಿಗೆ ಹೋಗಿ ತಗದ್ ನೋಡ್ರಿ. ತಪ್ಪದ ನೋಡ್ರಿ, ಆತಾ?”

ಹುಲಿಗೆಮ್ಮ ನೋಡಲಿಲ್ಲ! ಇನ್ನು ಪರೀಕ್ಷೆಯವರೆಗೆ ಅದನ್ನು ಮುಟ್ಟಿದರೆ ಮತ್ತೆ ಕೆಟ್ಟೀತು ಎಂಬ ಭಯ ಅವಳಿಗೆ. ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟುಬಿಟ್ಟಳು.

ಎರಡು ದಿನ ಬಿಟ್ಟು ಅವನು ಬಸ್ ಸ್ಟ್ಯಾಂಡಿನಲ್ಲಿ ಎದುರಾದ.

“ತಗದ್ ನೋಡಿದ್ರೇನ್ರಿ?” ಅವನು ಆತುರದಿಂದ ಕೇಳಿದ.

ಸೀರೆ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ ಎಂದರೆ ನಗುವುದಿಲ್ಲವೇ ಇವನು? ನಾಚಿಕೆಯಾಗಿ ಸುಳ್ಳು ಹೇಳಿದಳು.

“ನೋಡಿದೆರಿ. ಎಲ್ಲಾ ಬರೋಬರಿ ಐತಿ.”

“ಅಷ್ಟೇನಾ? ಮತ್ತೇನೂ... ಇಲ್ಲೇನ್ರಿ?”

“ಮತ್ತೇನ್ರಿ?”

ಬಸ್ ಬಂತು. ಹತ್ತಿ ತಿರುಗಿ ನೋಡಿದರೆ ಅವನ ಮುಖ ಬಾಡಿಹೋಗಿತ್ತು. ಅಂದಿನಿಂದ ಅವಳು ಅಂಗಡಿಯ ಮುಂದೆ ಹಾದರೂ ಅವನು ತಲೆ ಎತ್ತಲಿಲ್ಲ. ರಿಪೇರಿ ಮುಗಿಯಿತು, ಪರಿಚಯವೂ ಮುಗಿಯಿತು... ಹೀಗೆಂದುಕೊಂಡು ಅವಳು ನಲ್ಲಿಯ ನೀರಿನಲ್ಲಿ ಮುಖ ತೊಳೆದಳು. ಕಣ್ಣೀರು ಯಾವುದು, ನಲ್ಲಿ ನೀರು ಯಾವುದು ಅಂತ ಅವ್ವನಿಗೆ ಗೊತ್ತಾಗಬಾರದಲ್ಲ!

ಪರೀಕ್ಷೆಯ ದಿನ ಬಂತು. ಅಪ್ಪ, ಅವ್ವ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಹನ್ನೊಂದಕ್ಕೆ ಪರೀಕ್ಷೆ. ಹನ್ನೊಂದೂಕಾಲಿಗೆ ಒಳಗೆ ಬಿಡುವುದು ಬಂದ್.

ಹತ್ತೂಮುಕ್ಕಾಲಿಗೆ ನೆಟ್‌ಬುಕ್ ತೆರೆದಳು. ನೀಲಿ ಪರದೆ, ಎರಡು ಐಕಾನ್. ಬ್ರೌಸರ್ ಒತ್ತಿದಳು. ಸುರುಳಿ ತಿರುಗಿತು, ನಿಂತಿತು. ಏನೂ ತೆರೆಯಲಿಲ್ಲ!

ಮತ್ತೆ ಒತ್ತಿದಳು. ಮುಚ್ಚಿ, ಹಚ್ಚಿ, ಮತ್ತೆ ಒತ್ತಿದಳು. ನೀಲಿಯೋ ನೀಲಿ.

ಹತ್ತು ಐವತ್ತೆಂಟು. ಊರು, ಮಾವ, ನೋಡಿಟ್ಟ ಗಂಡು... ಎಲ್ಲ ಕಣ್ಣ ಮುಂದೆ ಬಂದವು. ಅಯ್ಯೋ ದೇವರೇ! ಯಾರನ್ನು ಕೇಳಲಿ? ಗೊತ್ತಿರುವುದು ಒಬ್ಬನೇ. ಅವನೋ ಮುಖ ತಿರುಗಿಸಿದ್ದಾನೆ.

ಮಾನ ನೋಡುವ ಹೊತ್ತಲ್ಲ ಇದು. ಫೋನ್ ಹಚ್ಚಿದಳು.

“ನೀವಾ?” ಅವನ ದನಿ ತಣ್ಣಗಿತ್ತು. “ಹೇಳ್ರಿ.”

“ಏನೂ ತೆರೆಯವಲ್ದ್ರೀ... ಹನ್ನೊಂದಕ್ಕ ಪರೀಕ್ಷಾ ಐತ್ರಿ!” ಅಳು ಒತ್ತರಿಸಿ ಬಂತು.

ಅವನ ದನಿ ಬದಲಾಯಿತು.

“ಅಳಬ್ಯಾಡ್ರಿ. ಮೌಸ್ ಬಲಕ್ಕ ಸರಸ್ರಿ. ಸರಸ್ಕೋತ ಹೋಗ್ರಿ.”

“ಸರಸಿದೆ... ಅಯ್ಯ! ಬಾಣ ಪರದಿ ದಾಟಿ ಹೋತ್ರಿ! ಕಾಣವಲ್ದು!”

“ನಂದ ತಪ್ಪು,” ಅವನು ಹಣೆ ಬಡಿದುಕೊಂಡ ಸದ್ದು ಫೋನಿನಲ್ಲೂ ಕೇಳಿತು. “ಅಂಗಡಿ ಮಾನಿಟರ್ ಇನ್ನಾ ಜೋಡಿ ಐತಿ ಅಂತ ತಿಳದೈತಿ ಅದು. ಕಿಟಕಿ ಎಲ್ಲಾ ಆ ಕಡೆ ತೆರೆಯಾಕತ್ತಾವು. ಆ ಪರದಿ ತಗದಹಾಕೂದು ನಾ ಮರತೀನ್ರಿ.”

“ಈಗೇನ್ರಿ ಮಾಡೂದು?”

“ಕಂಟ್ರೋಲ್, ಆಲ್ಟ್, ಟಿ... ಮೂರೂ ಕೂಡೇ ಒತ್ರಿ. ಕಪ್ಪು ಕಿಟಕಿ ತೆರೀತೈತಿ. ಅದೂ ನಿಮಗ ಕಾಣೂದಿಲ್ಲ. ಆ ಪರದಿ ತಗದಹಾಕೂ ಆಜ್ಞಾ ಅದರಾಗ ಬರೀಬೇಕು.”

“ಕಾಣಲಾರದ್ದರಾಗ ಹೆಂಗ್ ಬರೀಲ್ರಿ?”

“ಒಂದೊಂದ ಅಕ್ಷರ ನಾ ಹೇಳ್ತೀನಿ. ನಂಬಿ ಒತ್ರಿ.”

ಹನ್ನೊಂದು ಐದು.

“ಎಕ್ಸ್... ಆರ್... ಎ... ಎನ್... ಡಿ... ಆರ್... ಜಾಗ ಬಿಡ್ರಿ... ಎರಡು ಅಡ್ಡಗೀಟು...”

ಕುರುಡಿಯಂತೆ ಒತ್ತುತ್ತಾ ಹೋದಳು. ಕೊನೆಗೆ ಎಂಟರ್ ಒತ್ತಿದಳು. ಏನೂ ಆಗಲಿಲ್ಲ! ಎಲ್ಲೋ ಒಂದು ಅಕ್ಷರ ತಪ್ಪಿತ್ತು.

“ನನ್ನ ಕೈಲೆ ಆಗೂದಿಲ್ರಿ...”

“ಆಗತೈತಿ. ಮತ್ತ ಮೊದಲಿಂದ. ನಾ ಎಲ್ಲಿಗೂ ಹೋಗೂದಿಲ್ಲ. ಎಕ್ಸ್...”

ಈ ಸಲ ಅವನು ಇನ್ನೂ ನಿಧಾನವಾಗಿ ಹೇಳಿದ. ಅವಳು ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡೇ ಒತ್ತಿದಳು. ಹನ್ನೊಂದು ಹತ್ತು.

“ಎಂಟರ್ ಒತ್ಲೇನ್ರಿ?”

“ಒತ್ರಿ.”

ಪರದೆ ಒಮ್ಮೆ ಕಪ್ಪಾಯಿತು. ಅವಳ ಜೀವ ಬಾಯಿಗೆ ಬಂತು. ಮರುಕ್ಷಣ ಕಿಟಕಿಗಳು ಒಂದರ ಮೇಲೊಂದು ಬಂದು ಬಿದ್ದವು!

“ಬಂತು! ಬಂತ್ರೀ! ಬ್ರೌಸರ್ ಬಂತು... ಇನ್ನೊಂದೇನೋ ಐತಿ. ಕಾಗದ ಇದ್ದಂಗ. ನನ್ನ ಹೆಸರು ಐತಿ...”

“ಅದನ್ನ...” ಅವನು ತಡವರಿಸಿದ. “ಹಚ್ಚಿದ ಕೂಡ್ಲೇ ತೆರೆಯೂ ಹಂಗ ಇಟ್ಟಿದ್ನಿ. ಅದನ್ನ ನೀವು ಇನ್ನಾ ನೋಡೇ ಇಲ್ಲೇನ್ರಿ?”

“ಇಲ್ಲ... ಏನಿದು?”

“ಈಗ ಬ್ಯಾಡ. ಮೊದಲ ಪರೀಕ್ಷಾ ಬರೀರಿ!” ಫೋನ್ ಇಟ್ಟುಬಿಟ್ಟ.

ಅಷ್ಟರಲ್ಲಿ ಮೊದಲ ಸಾಲು ಕಣ್ಣಿಗೆ ಬಿದ್ದಾಗಿತ್ತು.

‘ಹುಲಿಗೆಮ್ಮ ಅವರೇ, ನಿಮ್ಮ ಕಂಪ್ಯೂಟರಿಗೆ ಇದು ನನ್ನ ಕೊನೆಯ ರಿಪೇರಿ.’

ಕೊನೆಯದು! ಎದೆಗೆ ಯಾರೋ ಗುದ್ದಿದಂತಾಯಿತು. ಓದುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಗಡಿಯಾರದಲ್ಲಿ ಹನ್ನೊಂದು ಹನ್ನೆರಡು. ಲಿಂಕ್ ಒತ್ತಿದಳು. ಪರೀಕ್ಷೆ ತೆರೆಯಿತು.

ಮುಕ್ಕಾಲು ಗಂಟೆ ಅವಳು ಹೇಗೆ ಬರೆದಳೋ, ಅವಳಿಗೇ ಗೊತ್ತು. ಸ್ಟಾಕ್ ಎಷ್ಟು ಉಳಿಯಿತು ಎಂದು ಪ್ರಶ್ನೆ ಕೇಳಿದರೆ, ಅವನು ನನ್ನಿಂದ ದೂರ ಹೋಗುತ್ತಾನಾ ಎಂದು ಮನಸ್ಸು ಕೇಳುತ್ತಿತ್ತು. ತುಟಿ ಕಚ್ಚಿಕೊಂಡು ಪ್ರತಿ ಉತ್ತರವನ್ನೂ ಎರಡೆರಡು ಸಲ ನೋಡಿದಳು.

ಕೊನೆಯ ಬಟನ್ ಒತ್ತಿದಾಗ ಹಸಿರು ಅಕ್ಷರ ಮೂಡಿತು. ಪಾಸು! ಸೋಮವಾರ ಕಾಗದಪತ್ರ ಹಿಡಿದು ಕುಂಡಯಿಗೆ ಬರಬೇಕಂತೆ.

ಕುಣಿಯಬೇಕಾದ ಹುಡುಗಿ ಕುಣಿಯಲಿಲ್ಲ. ಮೊದಲು ಆ ಕಾಗದ ತೆರೆದಳು. ದೊಡ್ಡ ಮಾನಿಟರಿನಲ್ಲಿ ಬರೆದ ಕಾಗದ. ಈ ಪುಟ್ಟ ಪರದೆಯಲ್ಲಿ ಅರ್ಧವೇ ಕಾಣುತ್ತಿತ್ತು.

‘ಇನ್ನು ಮೇಲೆ ಇದನ್ನು ರಿಪೇರಿ ಮಾಡುವ ಯೋಗ್ಯತೆ ನನಗಿಲ್ಲ. ಯಾಕೆಂದರೆ ಇದು ಮತ್ತೆ ಕೆಡಲಿ ಅಂತ ದೇವರನ್ನು ಬೇಡಿಕೊಳ್ಳತೊಡಗಿದ್ದೇನೆ. ಕೆಟ್ಟರೆ ತಾನೇ ನೀವು ಬರುವುದು? ರಿಪೇರಿ ಮಾಡುವವನು ಹೀಗೆ ಬೇಡಿಕೊಳ್ಳಬಾರದು.’

ಅಲ್ಲಿಗೆ ಪರದೆ ಮುಗಿದಿತ್ತು.

ಆಲ್ಟ್ ಒತ್ತಿ ಹಿಡಿದಳು. ಮೇಲಕ್ಕೆ ಎಳೆದಳು.

‘ನೀವು ಹೂಂ ಅಂದರೆ ನಿಮ್ಮ ಅಪ್ಪನ ಹತ್ತಿರ ಬಂದು ಕೇಳುತ್ತೇನೆ. ಮನಸ್ಸಿಲ್ಲದಿದ್ದರೆ ಏನೂ ಹೇಳಬೇಡಿ. ನೀವು ಸುಮ್ಮನಿದ್ದರೆ ನಾನೇ ತಿಳಿದುಕೊಳ್ಳುತ್ತೇನೆ. ನಿಮ್ಮ ದಾರಿಗೆ ಬರುವುದಿಲ್ಲ. — ಸೋಮನಾಥ’

ಬಸ್ ಸ್ಟ್ಯಾಂಡಿನಲ್ಲಿ ಬಾಡಿದ ಆ ಮುಖ ನೆನಪಾಯಿತು. ‘ಎಲ್ಲಾ ಬರೋಬರಿ ಐತಿ’ ಎಂದಿದ್ದಳಲ್ಲ, ಪಾಪಿ! ಅಂದಿನಿಂದ ಒಂಬತ್ತು ದಿನ ಅವನು ಹೇಗೆ ಉಂಡನೋ, ಹೇಗೆ ಮಲಗಿದನೋ...

ನೆಟ್‌ಬುಕ್ ಎದೆಗವಚಿಕೊಂಡು ಅಂಗಡಿಗೆ ಬಿರಬಿರನೆ ನಡೆದಳು.

ಅವನು ಎದ್ದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ತಟ್ಟೆಯ ಸ್ಕ್ರೂಗಳನ್ನು ಕೆದಕಿದ.

“ಪರೀಕ್ಷಾ...?”

“ಪಾಸ್ ಆತ್ರಿ. ಅವತ್ತು ಬಸ್ ಸ್ಟ್ಯಾಂಡಿನ್ಯಾಗ ಸುಳ್ಳು ಹೇಳಿದ್ನಿ. ಕೆಡತೈತಿ ಅಂತ ಅಂಜಿ ಸೀರಿ ಸುತ್ತಿ ಟ್ರಂಕಿನ್ಯಾಗ ಇಟ್ಟಿದ್ನಿ.”

“ಸೀರಿ ಸುತ್ತಿ?” ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ನಗಬ್ಯಾಡ್ರಿ. ಕುಂದರ್ರಿ. ಆ ದೊಡ್ಡ ಮಾನಿಟರ್ ಆಫ್ ಮಾಡ್ರಿ. ನಾ ಒಂದೊಂದ ಅಕ್ಷರ ಹೇಳ್ತೀನಿ. ನಂಬಿ ಒತ್ರಿ.”

ಅವನು ಮಾನಿಟರ್ ಆರಿಸಿ ಕೀಬೋರ್ಡ್ ಮೇಲೆ ಬೆರಳಿಟ್ಟ.

“ಎಚ್... ಓ... ಯು...” ಅವಳ ದನಿ ಸಣ್ಣಗಾಯಿತು. “ಡಿ... ಆರ್... ಐ.”

ಅವನ ಬೆರಳು ಕೊನೆಯ ಅಕ್ಷರದ ಮೇಲೆ ನಿಂತಿತು. ಕಪ್ಪು ಪರದೆಯಲ್ಲಿ ಏನಿದೆಯೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಹೌದ್ರಿ.

“ಎಂಟರ್... ಒತ್ಲೇನ್ರಿ?”

“ಒತ್ರಿ.”

ಒತ್ತಿದ. ಕಣ್ಣೊರೆಸಿಕೊಂಡ.

“ಇನ್ನ ಮ್ಯಾಲ ಇದು ಕೆಡಲಿಲ್ಲಂದ್ರೂ ಬರ್ತೀರೇನ್ರಿ, ಹುಲಿಗೆಮ್ಮಾ?”

“ಕೆಟ್ಟೈತಿ ಅಂತ ಹೇಳಿ ಇವತ್ತ ನೀವ ನಮ್ಮನಿಗೆ ಬರ್ರಿ,” ಎಂದಳು ಅವಳು, ನೆಲ ನೋಡುತ್ತಾ. “ಅಪ್ಪ ಆರಕ್ಕ ಬರ್ತಾನ.”