ಜಡ್ಜ್ ಸಾಹೇಬನಿಗೆ ಆರು ಪುಟದ ಪ್ಲಾನ್

"ಕಾಲು ಮೇಲೆತ್ತೋ!" ಎಂದು ಕಿರುಚಿದೆ.

ಡುವೆನಾಜ್ ಎತ್ತಿದ. ಅರ್ಧ ಸೆಕೆಂಡ್ ತಡ... ಅವನ ಎಡಗಾಲಿನ ಬೂಟು ಕೋಣನ ಕೊಂಬಿಗೆ ಸಿಕ್ಕಿ, ಹಾರಿ, ಪೊದೆಯೊಳಗೆ ಬಿತ್ತು.

ಪಾದ ಉಳಿಯಿತು. ಅದೃಷ್ಟವಂತ!

ಇಬ್ಬರೂ ಒಂದೇ ಮುಳ್ಳುಮರದ ಮೇಲೆ. ದಕ್ಷಿಣ ಆಫ್ರಿಕಾದ ಲಿಂಪೊಪೊದ ಮಧ್ಯಾಹ್ನದ ಬಿಸಿಲು ಬೆನ್ನಿಗೆ ಇಸ್ತ್ರಿ ಹಾಕುತ್ತಿತ್ತು. ಕೆಳಗೆ ಏಳುನೂರು ಕಿಲೋ ಸಿಟ್ಟು ಬುಸುಗುಡುತ್ತಾ ಸುತ್ತು ಹೊಡೆಯುತ್ತಿತ್ತು.

ನನ್ನ ಹೆಸರು ಬಸಾನಿ ಮಬುಂಡಾ. ಹದಿನೆಂಟು ವರ್ಷದಿಂದ ಈ ಖಾಸಗಿ ಕಾಡಿನಲ್ಲಿ ಬೇಟೆಗಳ ಪ್ಲಾನ್ ಮಾಡುವವಳು. ಯಾವ ಪ್ರಾಣಿ, ಯಾವ ಬಂದೂಕು, ಯಾವ ದಾರಿ, ಗುಂಡು ತಪ್ಪಿದರೆ ಯಾರು ಎತ್ತ ಓಡಬೇಕು... ಎಲ್ಲ ಬರೆದಿಡುತ್ತೇನೆ.

ಏಜೆಂಟನ ಜೊತೆ ಮರ ಹತ್ತುವುದು ಮಾತ್ರ ಬರೆದಿರಲಿಲ್ಲ!

ಹೇಗಾಯಿತು ಕೇಳಿ.

ಕೆಳಗಿದ್ದ ಕಾಡುಕೋಣನಿಗೆ ನಾವು ಇಟ್ಟ ಹೆಸರು ಜಡ್ಜ್. ಕೊಂಬಿನ ಬುಡ ಹಳೇ ಕಾಲದ ಜಡ್ಜ್ ಹಾಕುವ ವಿಗ್ಗಿನ ಹಾಗೆ ನಡುಬೈತಲೆ ತೆಗೆದು ಕೂತಿತ್ತು. ವಯಸ್ಸು ಹದಿಮೂರು ದಾಟಿತ್ತು. ಹಿಂಡಿನ ಎಳೆಯ ಗಂಡುಗಳು ಒದ್ದು ಓಡಿಸಿದ್ದವು. ಹಲ್ಲು ಸವೆದಿತ್ತು. ಒಂದು ವರ್ಷದೊಳಗೆ ಹಸಿವು ಇಲ್ಲವೇ ಸಿಂಹದ ಬಾಯಿ, ಎರಡರಲ್ಲೊಂದು ಖಾತ್ರಿ. ಈ ವರ್ಷ ನಮಗೆ ಸಿಕ್ಕ ಪರ್ಮಿಟ್ ಒಂದೇ ಕೋಣಕ್ಕೆ. ಅದು ಇದೇ ಎಂದು ಆರಿಸಿದವಳೂ ನಾನೇ.

ಬೇಟೆಗೆ ಬರುವವನು ಲೀವನ್. ಬೆಲ್ಜಿಯಂನಲ್ಲಿ ಹಂಚಿನ ಕಾರ್ಖಾನೆ ಇಟ್ಟ ಅರವತ್ತಾರರ ಮುದುಕ. ಅವನಿಗೆ ಆರು ಪುಟದ ಪ್ಲಾನ್ ಕಳಿಸಿದ್ದೆ. ಮೂರು ದಿನ ಕಾಲ್ನಡಿಗೆ. ಬರುವ ಮೊದಲು ಊರಿನಲ್ಲೇ ಇನ್ನೂರು ಗುಂಡಿನ ಅಭ್ಯಾಸ. ಮಾಂಸವೆಲ್ಲ ಬೇಲಿಯಾಚೆಯ ಹಳ್ಳಿಗೆ.

ಡುವೆನಾಜ್ ಅವನಿಗೆ ಈ ಬೇಟೆ ಗೊತ್ತುಮಾಡಿಕೊಟ್ಟ ಏಜೆಂಟ್; ಇಬ್ಬರ ಪರಿಚಯ ಫೋನಿನಲ್ಲಷ್ಟೇ. ಜೋಹಾನ್ಸ್‌ಬರ್ಗಿನ ಆಸಾಮಿ. ಎರಡು ದಿನ ಮುಂಚೆಯೇ ಬಂದು, ನನ್ನ ಆಫೀಸಿನಲ್ಲಿ ಮೇಜಿನ ಮೇಲೆ ಕಾಲು ಚಾಚಿದ.

"ಮೂರು ದಿನ ಯಾಕೆ, ಬಸಾನಿ? ಮೂರು ಗಂಟೆ ಸಾಕು."

"ಹೇಗೆ?"

"ಜಡ್ಜಿಗೆ ಒಂದು ಮತ್ತಿನ ಸೂಜಿ. ಎತ್ತಾಕಿಕೊಂಡು ಹೋಗಿ ಕೆರೆ ಪಕ್ಕದ ದೊಡ್ಡಿಯಲ್ಲಿ ಕೂಡಿಹಾಕೋದು. ಮುದುಕ ಜೀಪಲ್ಲೇ ಕೂತು ಢಂ ಅನ್ನಿಸ್ತಾನೆ. ಊಟ ಮಾಡ್ತಾನೆ. ವಿಮಾನ ಹತ್ತುತ್ತಾನೆ!"

"ಅದು ಬೇಟೆ ಅಲ್ಲ. ಕಟ್ಟಿಹಾಕಿದ ಕುರಿ ಕಡಿಯೋದು."

"ಅವನಿಗೆ ಹೇಗೆ ಗೊತ್ತಾಗುತ್ತೆ?"

"ವನ್ಯಜೀವಿ ಇಲಾಖೆಗೆ ಗೊತ್ತಾಗುತ್ತೆ. ನಮ್ಮ ಲೈಸೆನ್ಸ್ ಹೋಗುತ್ತೆ. ನಲವತ್ತು ಮನೆ ಒಲೆ ಆರುತ್ತೆ. ಕಾಲು ಕೆಳಗಿಳಿಸು."

ಇಳಿಸಲಿಲ್ಲ. ನಕ್ಕ. "ಇಂಥ ಹತ್ತು ಪ್ಲಾನ್ ಹರಿದು ಹಾಕಿದ್ದೀನಿ ನಾನು. ಪ್ಲಾನ್ ಮಾಡಿದವರನ್ನೂ..."

"ನಾನು ಸ್ವಲ್ಪ ದಪ್ಪ ಕಾಗದ," ಎಂದೆ.

ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಪೆದ್ದಿ ನಾನು!

ಮರ ಹತ್ತಿದ ದಿನ ಬೆಳಿಗ್ಗೆ ಹನ್ನೊಂದಕ್ಕೆ ರೇಡಿಯೋ ಕಿರುಗುಟ್ಟಿತು. ಖಜಮುಲ ಮಾವ. ನಮ್ಮ ಕಾಡಿನಲ್ಲಿ ಹೆಜ್ಜೆಗುರುತು ಓದುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

"ಮಗಳೇ, ನಾನು ಬೆಲ್ಜಿಯಂ ಸಾಹೇಬನನ್ನ ಕರೆತರೋಕೆ ಹೊರಟಿದ್ದೀನಿ. ವಿಮಾನ ಬೇಗ ಇಳಿದಿದೆಯಂತೆ. ಜಡ್ಜ್ ನೆಕ್ಕೋಕೆ ಬರೋ ಉಪ್ಪಿನ ಗುಂಡಿ ದಾರಿಯಲ್ಲಿ ಹೊಸ ಟೈರಿನ ಗುರುತು. ನಮ್ಮದಲ್ಲ!"

ನಾನು ಕಾಫಿ ಲೋಟ ಇಟ್ಟೆನೋ, ಎಸೆದೆನೋ, ನೆನಪಿಲ್ಲ.

ಜೀಪು ಹಾರಿತು. ದೂರದಲ್ಲಿ ಅವನ ಪಿಕಪ್‌ನ ಕೆಂಧೂಳು! ನಾನು ಒಣಗಿದ ಹೊಳೆಯೊಳಗೆ ಅಡ್ಡದಾರಿ ಹಿಡಿದೆ. ಅರ್ಧ ಹೊಳೆ ದಾಟಿದೆ. ಚಕ್ರ ಮರಳಿನಲ್ಲಿ ಹೂತುಕೊಂಡಿತು. ಇಳಿದು ಓಡಿದೆ. ನಲವತ್ತೇಳರ ಮಂಡಿ ಎರಡೂ ಒಟ್ಟಿಗೆ ಬೈದವು.

ಡುವೆನಾಜ್ ಪಿಕಪ್‌ನ ಹಿಂಭಾಗದಲ್ಲಿ ನಿಂತು ಸೂಜಿ ಬಂದೂಕು ಗುರಿ ಹಿಡಿದಿದ್ದ. ಐವತ್ತು ಹೆಜ್ಜೆ ಆಚೆ ಜಡ್ಜ್ ಉಪ್ಪು ನೆಕ್ಕುತ್ತಿತ್ತು.

ಹಿಂದಿನಿಂದ ಹತ್ತಿ ಬಂದೂಕಿನ ನಳಿಗೆ ಕೆಳಕ್ಕೆ ಜಗ್ಗಿದೆ.

ಫಟ್!

ಸೂಜಿ ಅವನದೇ ಮುಂದಿನ ಟೈರಿಗೆ ನಾಟಿತು. ಗಾಳಿ ಸುಯ್ ಎಂದು ಹೊರಟಿತು. ಜಡ್ಜ್ ತಲೆ ಎತ್ತಿತು. ವಿಚಾರಣೆ ಇಲ್ಲ, ವಾದ ಇಲ್ಲ... ನೇರ ತೀರ್ಪು! ಮೊದಲ ಗುದ್ದಿಗೆ ರೇಡಿಯೇಟರ್ ಹೋಯಿತು. ಎರಡನೆಯದಕ್ಕೆ ನಾವಿಬ್ಬರೂ ನೆಲದ ಮೇಲಿದ್ದೆವು. ಮೂರನೆಯದಕ್ಕೆ ಕಾಯಲಿಲ್ಲ.

ಹೀಗೆ ಮರ.

"ಹೊಡಿ ಅದನ್ನ!" ಡುವೆನಾಜ್ ಅಳುತ್ತಿದ್ದ.

"ಬಂದೂಕು ಜೀಪಲ್ಲಿದೆ."

"ರೇಡಿಯೋ?"

"ಜಡ್ಜ್ ಸಾಹೇಬರ ಕಾಲಡಿ. ಇಳಿದು ಕೇಳು, ಕೊಟ್ರೆ ತಗೋ."

ಅವನು ಇಳಿಯಲಿಲ್ಲ. ಶಿಳ್ಳೆ ಹೊಡೆದ. ಬೈದ. ಬೇಡಿಕೊಂಡ. ಆಫ್ರಿಕಾನ್ಸ್‌ನಲ್ಲಿ ಏನೋ ಪ್ರಾರ್ಥನೆಯನ್ನೂ ಹೇಳಿದ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಅಂದರೆ ಏನೆಂದು ಅಂದು ಕಣ್ಣಾರೆ ಕಂಡೆ!

ಆಗಲೇ ಇಂಜಿನ್ ಸದ್ದು.

ನನ್ನ ಹೆಜ್ಜೆಗುರುತು ಹಿಡಿದು ಖಜಮುಲ ಮಾವ ಬಂದಿದ್ದ. ಪಕ್ಕದಲ್ಲಿ ಉದ್ದ ಮೂಗಿನ, ಬಿಳಿ ಹುಬ್ಬಿನ ಲೀವನ್. ತೊಡೆಯ ಮೇಲೆ ಬಂದೂಕು. ಗಾಡಿ ನಿಂತಿತು. ನಲವತ್ತು ಹೆಜ್ಜೆ ದೂರ. ಜಡ್ಜ್ ತಿರುಗಿ, ಮೈಯ ಇಡೀ ಮಗ್ಗುಲು ತೋರಿಸಿ ನಿಂತಿತು.

"ಸರ್! ಹೊಡೀರಿ!" ಡುವೆನಾಜ್ ಚೀರಿದ. "ಅಲ್ಲಿಂದ್ಲೇ! ಈಗ್ಲೇ!"

ಲೀವನ್ ಬಂದೂಕು ಎತ್ತಿದ.

ಗಾಡಿಯಿಂದ ಒಂದು ಗುಂಡು ಹಾರಿದರೆ ಲೈಸೆನ್ಸ್, ಹಳ್ಳಿ, ಹದಿನೆಂಟು ವರ್ಷ... ಎಲ್ಲ ಅಲ್ಲೇ ಸಮಾಧಿ.

ಅವನು ಬಂದೂಕನ್ನು ಮಾವನ ಕೈಗೆ ಕೊಟ್ಟ. ಜೇಬಿನಿಂದ ಕನ್ನಡಕ ತೆಗೆದ. ಆಮೇಲೆ ಮಡಚಿದ ಕಾಗದ.

"ನಾಲ್ಕನೇ ಪುಟ," ಎಂದು ಗಟ್ಟಿಯಾಗಿ ಓದಿದ. "ವಾಹನದಲ್ಲಿ ಕೂತು ಗುಂಡು ಹಾರಿಸುವಂತಿಲ್ಲ."

"ಅದನ್ನೆಲ್ಲ ಯಾರು ಓದ್ತಾರೆ, ಸರ್!"

"ನಾನು. ವಿಮಾನದಲ್ಲಿ, ಎರಡು ಸಲ. ಮರದ ಮೇಲಿರೋದು ಯಾರು?"

"ನಿಮ್ಮ ಏಜೆಂಟ್," ಎಂದೆ. ಸೂಜಿ, ದೊಡ್ಡಿ, ಮೂರು ಗಂಟೆಯ ಲೆಕ್ಕ, ಎಲ್ಲವನ್ನೂ ಮರದ ಮೇಲಿಂದಲೇ ಒದರಿದೆ.

ಮುದುಕನ ಕಿವಿ ಕೆಂಪಾಯಿತು. "ಅಂದ್ರೆ ನಾನು ಮೂರು ತಿಂಗಳು ಬೆಟ್ಟ ಹತ್ತಿ ಇಳಿದಿದ್ದು ದೊಡ್ಡಿಯೊಳಗಿನ ದನ ಹೊಡೆಯೋಕಾ? ಡುವೆನಾಜ್, ನಿನ್ನನ್ನ ಕೆಲಸದಿಂದ ತೆಗೆದಿದ್ದೀನಿ!"

"ಸರ್! ಇಳಿದ ಮೇಲಾದ್ರೂ ತೆಗೀರಿ!"

ಮಾವ ಗಾಡಿಯ ಬಾಗಿಲಿಗೆ ಅಂಗೈಯಿಂದ ನಾಲ್ಕು ಬಾರಿ ಬಡಿದ. ಜಡ್ಜ್ ನಮ್ಮೆಲ್ಲರನ್ನೂ ಒಮ್ಮೆ ನೋಡಿತು. ಕಲಾಪ ಮುಂದೂಡಿದ ಗತ್ತಿನಲ್ಲಿ ಪೊದೆಯೊಳಗೆ ನಡೆಯಿತು.

ಡುವೆನಾಜ್ ಅಂದೇ ಸಂಜೆ ತರಕಾರಿ ಲಾರಿಯಲ್ಲಿ, ಒಂದೇ ಬೂಟಿನಲ್ಲಿ ಊರು ಸೇರಿದ. ಅವನಿಗಿಂತ ಮೊದಲು ನನ್ನ ದೂರು ಇಲಾಖೆ ಸೇರಿತ್ತು.

ಮರುದಿನದಿಂದ ಪ್ಲಾನ್ ಶುರು. ಮೊದಲ ದಿನ ಹದಿನಾರು ಕಿಲೋಮೀಟರ್ ನಡೆದೆವು. ಮಾವ ಬೂದಿ ಚೀಲ ಕೊಡವಿ ಗಾಳಿ ನೋಡುತ್ತಿದ್ದ. ಕೊನೆಯ ಗಳಿಗೆಯಲ್ಲಿ ಗಾಳಿ ಕೈಕೊಟ್ಟು ನಮ್ಮ ವಾಸನೆಯನ್ನು ಜಡ್ಜಿಗೆ ಮುಟ್ಟಿಸಿತು. ಎರಡನೆಯ ದಿನ ಲೀವನ್‌ನ ಹಿಮ್ಮಡಿ ಒಡೆದು ಕಾಲುಚೀಲ ಕೆಂಪಾಯಿತು. ಬಟ್ಟೆ ಸುತ್ತಿಕೊಂಡು ನಡೆದ.

ಮೂರನೆಯ ಬೆಳಿಗ್ಗೆ, ಜೊಂಡಿನೊಳಗೆ, ಮೂವತ್ತು ಹೆಜ್ಜೆ. ಮಾವ ಲೀವನ್‌ನ ಭುಜ ಒತ್ತಿದ. ಒಂದೇ ಗುಂಡು. ಜಡ್ಜ್ ಅರವತ್ತು ಹೆಜ್ಜೆ ಓಡಿತು. ಬಿತ್ತು. ಒಂದು ಸಲ ದೀರ್ಘವಾಗಿ ಕೂಗಿತು. ಆಮೇಲೆ ಹಕ್ಕಿಗಳೂ ಸುಮ್ಮನಾದವು.

ಮಧ್ಯಾಹ್ನಕ್ಕೆಲ್ಲ ಮಾಂಸ ನಲವತ್ತು ಮನೆಗೆ ಹಂಚಿ ಹೋಯಿತು. ಮಾವನ ಹೆಂಡತಿ ಜೋಳದ ಮುದ್ದೆಯ ಜೊತೆ ಈರುಳ್ಳಿ ಹಾಕಿ ಕೋಣನ ಲಿವರ್ ಹುರಿದಳು. ಲೀವನ್ ತಟ್ಟೆ ಹಿಡಿದು, ಟೋಪಿ ತೆಗೆದು, ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಎರಡು ತಟ್ಟೆ ತಿಂದ.

"ಕ್ಷಮಿಸು, ಬಸಾನಿ. ನಾಚಿಕೆ ಆಗ್ತಿದೆ."

"ಅಳಿ ಸಾರ್, ಅಳಿ," ಎಂದೆ.

ಕೋಣ ಹೊಡೆದ ಮೇಲೂ ಅಳದವನಿಗೆ ನಾನು ಎರಡನೇ ಸಲ ಪ್ಲಾನ್ ಬರೆಯುವುದಿಲ್ಲ. ಹೊಡೆಯುವ ಮುಂಚೆಯೇ ಅಳುವವನಿಗೆ ಮೊದಲನೇ ಸಲವೂ ಬರೆಯುವುದಿಲ್ಲ!