ಹದಿನೈದು ರೂಪಾಯಿಯ ಟಿಕೆಟ್

2022ರ ಸೆಪ್ಟೆಂಬರ್ 13, ಮಂಗಳವಾರ. ಸಂಜೆ 5.10ಕ್ಕೆ ನಿವೃತ್ತ ಶಿಕ್ಷಕಿ ಅಕ್ಕಯಮ್ಮ ಏದುಸಿರು ಬಿಡುತ್ತಾ ದೇವನಹಳ್ಳಿ ಠಾಣೆಗೆ ಬಂದರು. ಸೆರಗಿಗೆ ರಕ್ತ ಮೆತ್ತಿತ್ತು.

"ನನ್ನ ಹತ್ರ ಪಾಠಕ್ಕೆ ಬರೋ ಹುಡುಗಿ ಸಾರ್, ಕೀರ್ತನ. ಬೇವಿನಮರದ ಗೇಟಲ್ಲಿ ಬಸ್ಸಿಳಿದು ಬರ್ತಿದ್ಲು. ಯಾರೋ ಹಿಂದಿನಿಂದ ತಲೆಗೆ ಹೊಡೆದು ಓಡೋಗವ್ರೆ. ಆಸ್ಪತ್ರೆಗೆ ಸೇರಿಸಿ ಬಂದೆ."

ಇನ್‌ಸ್ಪೆಕ್ಟರ್ ಹರಿಪ್ರಸಾದ್ ಎಫ್‌ಐಆರ್ ದಾಖಲಿಸಿದರು. 6ಕ್ಕೆ ಸ್ಥಳ ಪಂಚನಾಮೆ. ರಸ್ತೆ ಬದಿ ಬಿದ್ದಿದ್ದ ಚೀಲದಿಂದ ಮಹಿಳಾ ಪೇದೆ ಯಶಸ್ವಿನಿ ಒಂದೊಂದೇ ಹೊರತೆಗೆದಳು: ಏರ್‌ಪೋರ್ಟ್ ಕ್ಯಾಂಟೀನಿನ ಗುರುತಿನ ಚೀಟಿ, ಎಸ್ಸೆಸ್ಸೆಲ್ಸಿ ಗಣಿತ ಪುಸ್ತಕ, ಫೋನು, ಮಡಿಸಿದ ನೂರರ ನೋಟು. ಏನೂ ಕಳುವಾಗಿರಲಿಲ್ಲ.

ಹುಡುಗಿಯ ಊರು ಕುಂದಾಣ. ಅಲ್ಲಿಗೆ ಟಿಕೆಟ್ ಇಪ್ಪತ್ತೈದು, ಗೇಟಿಗೆ ಹದಿನೈದು. ಮಂಗಳವಾರ ಅವಳು ನಡುವೆ ಇಳಿಯುವುದನ್ನು ಮನೆಯವರಿಗೂ ಹೇಳಿರಲಿಲ್ಲ. ಅಕ್ಕಯಮ್ಮನವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಖಾಸಗಿ ಬಸ್ಸಿನ ಕಂಡಕ್ಟರ್ ಪಿಳ್ಳಪ್ಪನಿಗೆ. ಬುಧವಾರ ಬೆಳಿಗ್ಗೆ ಹರಿಪ್ರಸಾದ್ ಅವನನ್ನು ಠಾಣೆಗೆ ಕರೆಸಿದರು.

"ಏನಪ್ಪಾ, ಅವಳ ಹಿಂದೆ ಯಾರ್ನ ಇಳಿಸಿದೆ?"

"ಅಯ್ಯೋ, ನನ್ ಮಗಳ ವಯಸ್ಸು ಸಾರ್! ಅವ್ಳೊಬ್ಳೇ ಇಳಿದಿದ್ದು. ಡ್ರೈವರನ್ನ ಕೇಳಿ."

ಯಶಸ್ವಿನಿ ಮೊದಲ ಸಲ ಬಾಯಿ ತೆರೆದಳು. "ನೂರರ ನೋಟು ಹಂಗೇ ಇತ್ತಲ್ಲ. ಟಿಕೆಟ್‌ಗೆ ಏನು ಕೊಟ್ಲು?"

"ದಿನಾ ಸ್ಕ್ಯಾನ್ ಮಾಡೋಳು ಮೇಡಂ, ಮಂಗಳವಾರ ಮಾತ್ರ ಚಿಲ್ಲರೆ ಕೊಡೋಳು. ನಿನ್ನೆ ನೂರು ತೆಗೆದ್ಲು. ಜನ ಎಲ್ಲಾ ಸ್ಕ್ಯಾನಂತಾರೆ, ನಾನು ಚಿಲ್ಲರೆ ಎಲ್ಲಿಂದ ತರ್ಲಿ? ನೀನೂ ಸ್ಕ್ಯಾನ್ ಮಾಡವ್ವ ಅಂದೆ. ತುಂಬ ಹೊತ್ತು ಫೋನ್ ಹಿಡ್ಕೊಂಡು ಕೂತಿದ್ಲು."

ಯಶಸ್ವಿನಿ ಅವನ ಕೊರಳಲ್ಲಿ ನೇತಾಡುತ್ತಿದ್ದ ಸ್ಕ್ಯಾನ್ ಚೀಟಿಯ ಫೋಟೊ ತೆಗೆದುಕೊಂಡಳು.

ಆಸ್ಪತ್ರೆಯಲ್ಲಿ ಕೀರ್ತನಳಿಗೆ ಅಣ್ಣ ಗುರು ಗಂಜಿ ಕುಡಿಸುತ್ತಿದ್ದ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನು. ಚಮಚವನ್ನು ಊದಿ ಊದಿ ಕೊಡುತ್ತಿದ್ದ. ತಂಗಿ ಮಾತ್ರ ಅವನ ಮುಖ ನೋಡುತ್ತಿರಲಿಲ್ಲ. ಯಶಸ್ವಿನಿ ಅದನ್ನು ಗಮನಿಸಿದಳು.

"ನಿನ್ನೆ ಬಸ್ಸಲ್ಲಿ ಹಾಕಿದಂಗೇ ಇನ್ನೊಂದ್ಸಲ ಹದಿನೈದು ರೂಪಾಯಿ ಹಾಕಮ್ಮ," ಎಂದು ಚೀಲದಲ್ಲಿ ಸಿಕ್ಕಿದ್ದ ಅವಳ ಫೋನನ್ನೂ ಸ್ಕ್ಯಾನ್ ಚೀಟಿಯ ಫೋಟೊವನ್ನೂ ಮುಂದಿಟ್ಟಳು.

ಕೀರ್ತನ ಸ್ಕ್ಯಾನ್ ಮಾಡಿ ಹದಿನೈದು ಒತ್ತಿದಳು. ಅವಳ ಫೋನು ಸದ್ದು ಮಾಡಿತು. ಮರುಕ್ಷಣವೇ ಗುರುವಿನ ಜೇಬಿನಲ್ಲೂ ಸದ್ದಾಯಿತು.

"ಬ್ಯಾಂಕ್ ಖಾತೆ ಇಬ್ರ ಹೆಸ್ರಲ್ಲೂ ಐತೆ ಅಕ್ಕ," ಎಂದಳು ಕೀರ್ತನ, ಗೋಡೆಯ ಕಡೆ ತಿರುಗಿ. "ನಾನು ಏನು ಖರ್ಚು ಮಾಡಿದ್ರೂ ಅವನಿಗೆ ಮೆಸೇಜ್ ಹೋಗುತ್ತೆ."

ಟ್ಯಾಕ್ಸಿಯ ಡಿಕ್ಕಿಯಲ್ಲಿ ರಕ್ತದ ಕಲೆಯಿದ್ದ ಜಾಕ್ ರಾಡ್ ಸಿಕ್ಕಿತು. ಮಧ್ಯಾಹ್ನ 12.15ಕ್ಕೆ ಗುರುವನ್ನು ಬಂಧಿಸಿದರು. ಅವನ ಸ್ವಇಚ್ಛಾ ಹೇಳಿಕೆಯನ್ನು ಯಶಸ್ವಿನಿಯೇ ಬರೆದುಕೊಂಡಳು.

"ಯಾವನ್ನೋ ನೋಡೋಕೆ ಹೋಗ್ತಾಳೆ ಅಂದ್ಕೊಂಡೆ ಮೇಡಂ. ದಿನಾ ಇಪ್ಪತ್ತೈದು ಅಂತ ಮೆಸೇಜ್ ಬರೋದು, ಮನೆಗೆ ಹೊರಟವ್ಳೆ ಅಂತ ಸಮಾಧಾನ. ಮಂಗಳವಾರ ಬರ್ತಿರ್ಲಿಲ್ಲ. ಮಂಗಳವಾರ ನಂಗೆ ಅನ್ನ ಸೇರ್ತಿರ್ಲಿಲ್ಲ. ನಿನ್ನೆ ಹದಿನೈದು ಅಂತ ಬಂತು. ಬಸ್ಸಿಗಿಂತ ಮುಂಚೆ ಗೇಟಿಗೆ ಹೋಗ್ಬಿಟ್ಟೆ."

"ಪಾಠಕ್ಕಪ್ಪಾ ಹೋಗ್ತಿದ್ದಿದ್ದು. ಕೇಳ್ಬೋದಿತ್ತಲ್ಲ?"

ಅವನು ಹೇಳಿಕೆಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಸಹಿ ಹಾಕಲು ಬಗ್ಗಿದ. ಆಗಲೇ ಮೇಜಿನ ಮೇಲೆ ಜಪ್ತಿ ಚೀಟಿ ಅಂಟಿಸಿದ್ದ ಅವನ ಫೋನು ಸದ್ದು ಮಾಡಿತು. ಆಸ್ಪತ್ರೆ ಎದುರಿನ ಔಷಧಿ ಅಂಗಡಿ, ನಲವತ್ತು ರೂಪಾಯಿ.

ಗುರು ಪೆನ್ನು ಹಾಗೇ ಹಿಡಿದುಕೊಂಡು, ಕತ್ತು ಚಾಚಿ ಅದನ್ನು ಓದಿದ. ಆಮೇಲೆ ಸಹಿ ಹಾಕಿದ.