ತಾಯಿ ಸಾಲಿನ ಹಳದಿ ಕೇಸರ

ಹಗ್ಗದ ಒಂದು ತುದಿ ದಾಕ್ಷಾಯಣಿಯ ಕೈಯಲ್ಲಿತ್ತು, ಇನ್ನೊಂದು ಗದ್ದೆಯಾಚೆ ಮುರಳಿಯ ಕೈಯಲ್ಲಿ. ಹೂ ಅರಳುವ ಹೊತ್ತಿಗೆ ಇಬ್ಬರೂ ಹಗ್ಗ ಎಳೆಯುತ್ತ ನಡೆದರೆ ತಂದೆ ಸಾಲಿನ ಪರಾಗ ಹಾರಿ ತಾಯಿ ಸಾಲಿನ ಮೇಲೆ ಬೀಳುತ್ತದೆ. ಹೈಬ್ರಿಡ್ ಭತ್ತದ ಬೀಜ ಕಟ್ಟುವುದು ಹೀಗೆ.

ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಬೇಕೆಂದೇ ತಲೆ ತಗ್ಗಿಸಿ, ತುಸು ತಡೆದು, ಥಟ್ಟನೆ ಕಣ್ಣೆತ್ತುತ್ತಿದ್ದಳು. ಅವನು ಸಿಕ್ಕಿಬಿದ್ದು ಮೋಡ ನೋಡುತ್ತಿದ್ದ. ಪಾಪ, ಮೋಡವೇ ಇರಲಿಲ್ಲ.

ಇದ್ದಕ್ಕಿದ್ದಂತೆ ಹಗ್ಗ ಸಡಿಲವಾಯಿತು. ಮುರಳಿ ತಾಯಿ ಸಾಲಿನತ್ತ ಬಾಗಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

ತಾಯಿ ಸಾಲಿನ ಕೇಸರ ಬಿಳಿಯಾಗಿ ಸೊರಗಿರಬೇಕು, ಅದರಲ್ಲಿ ಪರಾಗ ಇರಬಾರದು; ಇದ್ದರೆ ಬೀಜ ಬೆರಕೆಯಾಗಿ ಕೆಡುತ್ತದೆ. ಪರಾಗ ಬಿಡದ ಆ ಗುಣ ಇರುವುದು ಜೀವಕೋಶದ ಮೈಟೊಕಾಂಡ್ರಿಯದಲ್ಲಿ, ಬರುವುದು ತಾಯಿಯಿಂದ ಮಾತ್ರ. ತಾಯಿ ತಳಿಯನ್ನು ಉಳಿಸಿಕೊಳ್ಳಲು, ನೋಟಕ್ಕೆ ಅದರಂತೆಯೇ ಇದ್ದು ಪರಾಗವಿರುವ ಜೋಡಿ ತಳಿಯನ್ನೂ ಬೆಳೆಸುತ್ತಾರೆ. ಹೂ ಬಿಡುವ ತನಕ ಯಾವುದು ಯಾವುದೆಂದು ಗುರುತಿಸಲಾಗದು. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನೇ ಮುರಳಿ. ಈಗ ತಾಯಿ ಸಾಲಿನಲ್ಲಿ ಅಲ್ಲಲ್ಲಿ ಹಳದಿ ಕೇಸರ ತುಂಬಿ ನಿಂತಿತ್ತು.

ದಾಕ್ಷಾಯಣಿ ಹಗ್ಗ ಬಿಟ್ಟು ಅವನ ಬಳಿಗೆ ಬಂದಳು. ಮುರಳಿ ಭದ್ರಾವತಿಯ ಕಾರ್ಖಾನೆ ಕೆಲಸಗಾರನ ಮಗ, ಬೀಜದ ಕಂಪನಿಯಲ್ಲಿ ತಾತ್ಕಾಲಿಕ ನೌಕರ. ಮಲವಗೊಪ್ಪದ ಈ ಗದ್ದೆ ಅವಳ ಅಪ್ಪ ಷಡಕ್ಷರಪ್ಪನವರದು. ಸಸಿಮಡಿಯ ದಿನಗಳಲ್ಲಿ ಒಂದು ಮಧ್ಯಾಹ್ನ ಅವನಿಗಾಗಿ ಕಾಯುತ್ತ ಕೂತವಳು, ತಾಯಿ ಮಡಿಯ ಗುರುತಿಗೆ ನೆಟ್ಟಿದ್ದ ಕೆಂಪು ಗೂಟ ಕಿತ್ತು ಕೆಸರಿನಲ್ಲಿ ಅವನ ಹೆಸರು ಬರೆದಿದ್ದಳು. ಯಾರೋ ಕೆಮ್ಮಿದ್ದು ಕೇಳಿ, ಹೆದರಿ, ಹೆಸರು ಅಳಿಸಿ ಗೂಟವನ್ನು ಚುಚ್ಚಿ ಓಡಿದ್ದಳು. ಚುಚ್ಚಿದ್ದು ಪಕ್ಕದ ಜೋಡಿ ತಳಿಯ ಮಡಿಗೆ ಎಂದು ಈಗ ಹೊಳೆಯಿತು. ತಾಯಿ ಸಾಲಿನಲ್ಲಿ ಸತ್ತ ಸಸಿಗಳ ಜಾಗ ತುಂಬಲು ಮುರಳಿ ಆ ಗೂಟ ನಂಬಿಯೇ ಸಸಿ ಕಿತ್ತಿದ್ದ.

ಅಷ್ಟರಲ್ಲಿ ಕಂಪನಿಯ ಸೂಪರ್‌ವೈಸರ್ ಮುರುಗೇಶಪ್ಪ ಅಪ್ಪನೊಂದಿಗೆ ಬದುವಿನ ಮೇಲೆ ಬಂದರು. ಒಂದು ತೆನೆ ಬಿಡಿಸಿ ನೋಡಿದವರೇ ಮುರಳಿಗೆ ನಾಳೆಯಿಂದ ಬರಬೇಡ ಎಂದರು. ಅವನು ತಲೆ ತಗ್ಗಿಸಿ ತಪ್ಪು ತನ್ನದೇ ಎಂದು ಒಪ್ಪಿಕೊಂಡ.

ಸುಮ್ಮನಿದ್ದರೆ ಅವನು ಹೋಗುತ್ತಾನೆ. ಬಾಯಿ ಬಿಟ್ಟರೆ ಅಪ್ಪನಿಗೆ ಎಲ್ಲ ಗೊತ್ತಾಗುತ್ತದೆ.

"ಸಸಿಮಡೀಲಿ ಗೂಟ ಬದಲಾಯಿಸಿದ್ದು ನಾನು" ಎಂದಳು.

ಅಪ್ಪ ತಿರುಗಿದರು. "ಅಲ್ಲಿ ನಿಂಗೇನು ಕೆಲ್ಸ ಇತ್ತು?"

"ಆ ಗೂಟದಿಂದ ಕೆಸರಲ್ಲಿ ಇವರ ಹೆಸ್ರು ಬರೀತಿದ್ದೆ ಅಪ್ಪ."

ಮುರುಗೇಶಪ್ಪ ಮುಖ ಆಚೆ ತಿರುಗಿಸಿದರು. ಅಪ್ಪ ಮುರಳಿಯನ್ನೇ ದಿಟ್ಟಿಸಿದರು. "ನಿಂಗೆ ಗೊತ್ತಿತ್ತೇನೋ?"

ಇಲ್ಲವೆಂದರೆ ಅವನು ಪಾರಾಗುತ್ತಿದ್ದ. ಅದು ನಿಜವೂ ಆಗಿತ್ತು. ಹಾಗೆಯೇ ಹೇಳಿಬಿಡಲಿ ಎಂದು ದಾಕ್ಷಾಯಣಿ ದೇವರನ್ನು ನೆನೆದಳು. ಹೇಳದಿರಲಿ ಎಂದೂ ನೆನೆದಳು.

"ಹೆಸ್ರು ಬರೆದಿದ್ದು ಗೊತ್ತಿರ್ಲಿಲ್ಲ ಸಾರ್. ಆದ್ರೆ ಭಾನುವಾರನೂ ನಾನು ಇಲ್ಲಿಗೆ ಬರ್ತಿದ್ದಿದ್ದು ಇವರನ್ನ ನೋಡೋಕೆ."

ಅಪ್ಪ ಬಾಗಿ ಹಳದಿ ಕೇಸರದ ಒಂದು ಗಿಡ ಕಿತ್ತು ಬದುವಿನ ಮೇಲೆ ಎಸೆದರು. ಆಮೇಲೆ ಮುರುಗೇಶಪ್ಪನವರಿಗೆ, ಹುಡುಗನನ್ನು ಕಳಿಸುವುದು ಬೇಡ, ತಪ್ಪು ನಮ್ಮ ಮನೆಯದು ಎಂದರು.

"ಪರಾಗ ಉದುರೋ ಮೊದ್ಲು ಈ ಗಿಡ ಎಲ್ಲ ಕೀಳಿ" ಎಂದರು ಇವರಿಬ್ಬರ ಕಡೆ ನೋಡದೆ. "ಸಂಜೆ ಇಬ್ರೂ ಮನೆಗೆ ಬನ್ನಿ."

ಆ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಇಬ್ಬರೂ ಒಂದೇ ಸಾಲಿಗಿಳಿದರು. ಅವಳು ಹಳದಿಯದನ್ನು ಬಿಟ್ಟು ಪಕ್ಕದ ಬಿಳಿ ಕೇಸರದ ಗಿಡ ಕಿತ್ತಳು.

"ಭಯ ಆಗ್ತಿದ್ಯಾ?" ಮುರಳಿ ಮೆಲ್ಲಗೆ ಕೇಳಿದ.

"ತುಂಬಾ."

"ನಂಗೂ" ಎಂದ ಅವನು, ಅವಳ ಪಕ್ಕದಿಂದ ಕದಲಲಿಲ್ಲ.